ಸರಪಳಿ ಇಲ್ಲದ ಆನೆ

ದುಬಾರೆ ಹತ್ತಿರ ಮನೆ ಮಾಡಿಕೊಂಡವನಿಗೆ ಆನೆ ಕಂಡರೆ ಏನು ವಿಶೇಷ ಹೇಳಿ? ಕಾವೇರಿ ದಾಟಿದರೆ ಆನೆ ಶಿಬಿರ. ಬೆಳಿಗ್ಗೆ ಮಾವುತರು, ಕಾವಾಡಿಗಳು ಆನೆಗಳನ್ನು ಹೊಳೆಗಿಳಿಸಿ ಮೈ ತಿಕ್ಕುತ್ತಾರೆ. ಮೈಸೂರು ದಸರಾಕ್ಕೆ ಹೋಗುವ ಆನೆಗಳಲ್ಲಿ ಕೆಲವು ಇಲ್ಲಿಯವೇ.

ಅಂಥ ನಾನು ಆನೆಯ ಮುಂದೆ ಬೆಪ್ಪಾಗಿ ನಿಂತದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ! ಬೇಸಿಗೆ ರಜೆ ಮುಗಿಸಿದ ಎಂಟು ವರ್ಷದ ಮೊಮ್ಮಗನನ್ನು ದೆಹಲಿಗೆ ಬಿಟ್ಟುಬರಲು ಹೊರಟಿದ್ದೆ. 2022ರಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್. ಸೂರಿನ ತುಂಬ ಬಿದಿರು, ಮೇಲಿಂದ ತೂಗುಬಿಟ್ಟ ಗಿಡಗಳು. ನನ್ನ ಕಣ್ಣು ಮಾತ್ರ ಹೋದದ್ದು ಅಲ್ಲಿಯ ಆನೆಗಳ ಕಡೆಗೆ. ನಿಜ ಆನೆಯಷ್ಟೇ ಎತ್ತರ. ಕಲ್ಲಿನವಲ್ಲ, ಲಂಟಾನ ಕಡ್ಡಿಯವು! ನಮ್ಮ ಬೇಲಿಯಲ್ಲಿ ನಾನು ವರ್ಷವರ್ಷವೂ ಕಡಿದು ಸುಡುವ ಅದೇ ಮುಳ್ಳುಗಿಡ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಜನ ಮಾಡಿದ್ದಂತೆ. ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು, ಮೆತ್ತಗಿರುವಾಗಲೇ ಬಗ್ಗಿಸಿ ಕಬ್ಬಿಣದ ಚೌಕಟ್ಟಿಗೆ ಸುತ್ತುತ್ತಾರೆ.

ಮೊಮ್ಮಗ ಒಂದು ಸುತ್ತು ಬಂದು ಬಗ್ಗಿ ನೋಡಿದ.

"ತಾತ, ಇದರ ಕಾಲಿಗೆ ಸರಪಳಿ ಯಾಕಿಲ್ಲ?"

"ಇದು ಓಡಿಹೋಗಲ್ಲ ಕಣೋ."

"ನಮ್ಮೂರಿನವು ಎಲ್ಲಿಗೆ ಓಡಿಹೋಗ್ತವೆ?"

ಬ್ಯಾಂಕಿನಲ್ಲಿ ಅಷ್ಟು ವರ್ಷ ಲೆಕ್ಕ ತಾಳೆ ಹಾಕಿದವನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ವಿಮಾನ ಏರಿದ ಮೇಲೆ ಹೇಳಲೇಬೇಕಾಯಿತು. ಲಂಟಾನ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. ಹೂವು ಚಂದವೆಂದು ಬ್ರಿಟಿಷರ ಕಾಲದಲ್ಲಿ ತೋಟಕ್ಕೆ ತಂದರು, ಅದು ಕಾಡನ್ನೇ ನುಂಗಿತು. ಅದರ ಅಡಿಯಲ್ಲಿ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಆನೆ ಅದನ್ನು ಮೇಯುವುದೂ ಇಲ್ಲ. ಕಾಡು ಕಡಿದು ತೋಟ ಮಾಡಿಕೊಂಡವರು ನಾವೂ ಇದ್ದೇವಲ್ಲ, ತಪ್ಪೆಲ್ಲ ಗಿಡದ್ದೇ ಅಲ್ಲ. ಹೊಟ್ಟೆಗಿಲ್ಲದ ಆನೆ ಗದ್ದೆಗೆ, ತೋಟಕ್ಕೆ ಬರುತ್ತದೆ. ಹಾಗೆ ಬಂದವುಗಳಲ್ಲಿ ಕೆಲವನ್ನು ಹಿಡಿದು ಶಿಬಿರಕ್ಕೆ ತಂದು ಪಳಗಿಸುತ್ತಾರೆ.

"ನೀನು ನೋಡಿದೀಯಾ ಹಿಡಿಯೋದು?"

ಸುಳ್ಳು ಹೇಳಬಹುದಿತ್ತು. ಎರಡು ವರ್ಷದ ಹಿಂದೆ ಒಂಟಿ ಸಲಗವೊಂದು ನಮ್ಮ ಬಾಳೆ ತುಳಿದು, ಹಿತ್ತಿಲ ಗೋಡೆ ಕೆಡವಿತ್ತು. ಅಜ್ಜಿ ಆ ರಾತ್ರಿ ನಡುಗಿದ್ದು ಬೆಳಗಿನವರೆಗೂ ನಿಲ್ಲಲಿಲ್ಲ. ಅದನ್ನು ಹಿಡಿಯಿರೆಂದು ಊರವರು ಬರೆದ ಅರ್ಜಿಯಲ್ಲಿ ನನ್ನ ಸಹಿಯೂ ಇದೆ. ಅರ್ಜಿ ಬರೆದುಕೊಟ್ಟವನೂ ನಾನೇ, ಅಕ್ಷರ ಚೆನ್ನಾಗಿದೆಯೆಂದು.

ಅದನ್ನೂ ಹೇಳಿದೆ. ಹುಡುಗ ಕಿಟಕಿಯ ಕಡೆ ತಿರುಗಿ ಕೂತವನು ದೆಹಲಿ ತಲುಪುವವರೆಗೂ ನನ್ನೊಂದಿಗೆ ಮಾತಾಡಲಿಲ್ಲ.

ಊರಿಗೆ ಬಂದ ಮೇಲೆ ಬೇಲಿಯ ನಾಲ್ಕು ಕಡ್ಡಿ ಕಡಿದು ಬಚ್ಚಲ ಹಂಡೆಯಲ್ಲಿ ಕುದಿಸಿ ನೋಡಿದೆ. ಮೂರು ಮುರಿದವು. ನಾತಕ್ಕೆ ಅವಳಿಂದ ಬೈಸಿಕೊಂಡದ್ದೇ ಲಾಭ.

ಮೊನ್ನೆ ಮೊಮ್ಮಗನ ಫೋನು ಬಂತು. ನನ್ನ ಆರೋಗ್ಯ ವಿಚಾರಿಸಲಿಲ್ಲ.

"ತಾತ, ಆ ಆನೆ ಸಿಕ್ಕಿಬಿತ್ತಾ?"

"ಇನ್ನೂ ಇಲ್ಲ ಮರಿ" ಎಂದೆ.