ಊರಿಗೊಂದು ರಸ

ಕುಡಿಯುವುದು ಬೇರೆ, ಸವಿಯುವುದು ಬೇರೆ. ಈ ಭೇದವನ್ನು ಒಪ್ಪದವರಿಗೆ ಫ್ರಾನ್ಸಿನ ದ್ರಾಕ್ಷಾರಸದ ಮಾತು ರುಚಿಸಲಾರದು. ಮದ್ಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಬೀದಿಯಲ್ಲಿ ತೂರಾಡುವವನ ಚಿತ್ರ; ಅದರ ಹಿಂದೆಯೇ ಅವನ ಹೆಂಡಿರುಮಕ್ಕಳ ಕಣ್ಣೀರು. ಆ ಚಿತ್ರ ಸುಳ್ಳಲ್ಲ. ಮದ್ಯಕ್ಕೆ ಬಲಿಯಾದ ಸಂಸಾರಗಳು ಫ್ರಾನ್ಸಿನಲ್ಲಿಯೂ ಉಂಟು. ಆದರೆ ಅಲ್ಲಿಯ ಹಳ್ಳಿಗಳಲ್ಲಿ ಊಟದ ಮೇಜಿನ ಮೇಲೆ, ರೊಟ್ಟಿಯ ಪಕ್ಕದಲ್ಲಿ ಸಂಕೋಚವಿಲ್ಲದೆ ನಿಂತಿರುವ ಸೀಸೆ ಮತ್ತೊಂದು ಕಥೆಯನ್ನು ಹೇಳುತ್ತದೆ. ಅದು ಅಮಲಿನ ಕಥೆಯಲ್ಲ, ಮಣ್ಣಿನ ಕಥೆ.

ಆ ಸೀಸೆಯ ಚೀಟಿಯ ಮೇಲೆ ದಪ್ಪಕ್ಷರದಲ್ಲಿರುವುದು ಬಹುಮಟ್ಟಿಗೆ ಹಣ್ಣಿನ ಹೆಸರಲ್ಲ, ಊರಿನ ಹೆಸರು. ಇದರ ಮರ್ಮವನ್ನು ನಂಜನಗೂಡಿನ ರಸಬಾಳೆಯನ್ನು ತಿಂದ ಕನ್ನಡಿಗನಿಗೆ ವಿವರಿಸಬೇಕಾದದ್ದಿಲ್ಲ. ಅದೇ ಕಂದನ್ನು ಬೇರೆಡೆಗೆ ಒಯ್ದು ನೆಟ್ಟರೆ ಬಾಳೆ ಬಂದೀತು, ಆ ಸವಿ ಬಾರದು ಎನ್ನುತ್ತೇವಲ್ಲವೆ? ಫ್ರೆಂಚರು ಇದಕ್ಕೆ ‘ಟೆರ್ವಾರ್’ ಎನ್ನುತ್ತಾರೆ. ಮಣ್ಣು, ಇಳಿಜಾರು, ಬಿಸಿಲು, ಗಾಳಿ, ಮನುಷ್ಯನ ಕೈ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ನಾವು ನಂಬಿಕೆಯಾಗಿ ಇಟ್ಟುಕೊಂಡದ್ದನ್ನು ಅವರು 1935ರಲ್ಲಿಯೇ ಕಾನೂನನ್ನಾಗಿ ಮಾಡಿದರು. ಊರಿನ ಹೆಸರು ಹಾಕಬೇಕಾದರೆ ಯಾವ ಎಲ್ಲೆಯೊಳಗೆ, ಯಾವ ತಳಿಯನ್ನು ಬೆಳೆಯಬೇಕು, ಎಷ್ಟಕ್ಕಿಂತ ಹೆಚ್ಚು ಇಳುವರಿ ತೆಗೆಯಬಾರದು ಎಂಬುದಕ್ಕೆಲ್ಲ ಕಟ್ಟಳೆಯುಂಟು.

ಬರ್ಗಂಡಿಯಲ್ಲಿ ಈ ಶ್ರದ್ಧೆ ಪರಾಕಾಷ್ಠೆಗೆ ಮುಟ್ಟಿದೆ. ಅಲ್ಲಿ ‘ಕ್ಲೋ ದ ವೂಜೋ’ ಎಂಬ ತೋಟವಿದೆ. ಸಿಸ್ಟರ್ಸಿಯನ್ ಸನ್ಯಾಸಿಗಳು ಶತಮಾನಗಳ ಹಿಂದೆ ಕಲ್ಲಿನ ಗೋಡೆ ಕಟ್ಟಿ ಕಾಪಾಡಿದ ಸುಮಾರು 125 ಎಕರೆ ನೆಲ. ಇಂದು ಅದಕ್ಕೆ ಎಂಬತ್ತರಷ್ಟು ಮಂದಿ ಒಡೆಯರು. ಗೋಡೆ ಒಂದೇ, ತಳಿ ಒಂದೇ. ಆದರೂ ಇಳಿಜಾರಿನ ಮೇಲ್ಭಾಗದ ರಸಕ್ಕೂ ತಗ್ಗಿನ ಜೇಡಿಯಲ್ಲಿ ಬೆಳೆದುದಕ್ಕೂ ಅಂತರವುಂಟೆಂದು ಬಲ್ಲವರು ಹೇಳುತ್ತಾರೆ. ಉತ್ತರದ ಶಾಬ್ಲಿಯ ಸುಣ್ಣಕಲ್ಲಿನಲ್ಲಿ ಪುರಾತನ ಸಮುದ್ರದ ಪುಟ್ಟ ಚಿಪ್ಪುಗಳಿವೆ. ಆ ಕಲ್ಲಿನ ರುಚಿಯೇ ನೇರವಾಗಿ ಹಣ್ಣಿಗೆ ಇಳಿಯುತ್ತದೆಂಬುದನ್ನು ಭೂವಿಜ್ಞಾನಿಗಳು ಒಪ್ಪುವುದಿಲ್ಲ. ನೀರು ಬಸಿಯುವ ಬಗೆ, ನೆಲದ ತಂಪುಗಳೇ ಕಾರಣವೆನ್ನುತ್ತಾರೆ. ಕಾರಣವೇನೇ ಇರಲಿ, ಆ ಬಿಳಿಯ ರಸದಲ್ಲಿ ಮಳೆ ಬಿದ್ದ ಬಂಡೆಯ ವಾಸನೆಯಂಥ ಒಂದು ಚೊಕ್ಕತನವನ್ನು ನಾನು ಕಂಡಿದ್ದೇನೆ.

ಸವಿಯುವ ಕ್ರಮವೂ ಒಂದು ವಿಧಿಯೇ. ಬಟ್ಟಲನ್ನು ಬಿಳಿಯ ಬಟ್ಟೆಯೆದುರು ಹಿಡಿದು ಬಣ್ಣ ನೋಡಬೇಕು. ಮೆಲ್ಲನೆ ತಿರುಗಿಸಿ ಮೂಸಬೇಕು. ಒಂದು ಗುಟುಕನ್ನು ನಾಲಗೆಯ ತುಂಬ ಆಡಿಸಿ, ಅನಂತರ ಪಾತ್ರೆಗೆ ಉಗುಳಬೇಕು. ಬೆಳಗಿನಿಂದ ಇಪ್ಪತ್ತು ಸೀಸೆಗಳ ರುಚಿ ನೋಡುವವನು ನುಂಗುತ್ತ ಹೋದರೆ ಮಧ್ಯಾಹ್ನದ ತೀರ್ಪಿಗೆ ಬೆಲೆಯೇನು? ತಾಂಬೂಲದ ನಾಡಿನಿಂದ ಹೋದ ನನಗೆ ಉಗುಳುವ ವಿದ್ಯೆಯೇನೂ ಹೊಸದಾಗಿ ಕಾಣಲಿಲ್ಲ!

ಹೊಸದಾಗಿ ಕಂಡದ್ದು ಬೇರೆ. ಜೂರಾ ಬೆಟ್ಟಗಳ ಸೀಮೆಯಲ್ಲಿ ‘ವ್ಯಾಂ ಜೋನ್’ ಎಂಬ ಹಳದಿ ರಸವನ್ನು ಮಾಡುತ್ತಾರೆ. ಪೀಪಾಯಿಯಲ್ಲಿ ಆರು ವರ್ಷಗಳಷ್ಟು ಕಾಲ ಅದು ತೆಪ್ಪಗಿರುತ್ತದೆ. ಆರಿಹೋದ ಭಾಗವನ್ನು ಯಾರೂ ತುಂಬುವುದಿಲ್ಲ. ಮೇಲೆ ಕಟ್ಟಿದ ಕಿಣ್ವದ ಕೆನೆಯೇ ಅದಕ್ಕೆ ಕಾವಲು. ಆಮೇಲೆ 62 ಸೆಂಟಿಲೀಟರಿನ ಗಿಡ್ಡ ಸೀಸೆಗೆ ಇಳಿಸುತ್ತಾರೆ. ಅದನ್ನು ಮೂಸಿದಾಗ ನನ್ನ ಮೂಗು ನೆಟ್ಟಗೆ ನಮ್ಮ ಅಡಿಗೆಮನೆಗೆ ಹೋಯಿತು: ಹುರಿದ ಮೆಂತ್ಯ! ಇದು ಮನೆಯ ನೆನಪಿನ ಭ್ರಮೆಯಲ್ಲ. ‘ಸೊಟೊಲಾನ್’ ಎಂಬ ಒಂದೇ ಪರಿಮಳದ್ರವ್ಯ ಎರಡರಲ್ಲಿಯೂ ಇದೆಯೆಂದು ರಸಾಯನಶಾಸ್ತ್ರ ಹೇಳುತ್ತದೆ. ಅಷ್ಟು ದೂರದ ನೆಲಮಾಳಿಗೆಯಲ್ಲಿ ತಾಯಿಯ ಒಗ್ಗರಣೆಯ ಡಬ್ಬಿ ತೆರೆದುಕೊಂಡರೆ ಯಾರಿಗೆ ತಾನೆ ಸೋಜಿಗವಾಗದು?

ಆದರೆ ಈ ಸವಿಗಳೆಲ್ಲ ಶಾಶ್ವತವೆ? ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ತೊಡಗಿದ ದಿನಗಳ ಲೆಕ್ಕ 1354ರಿಂದ ಸಿಗುತ್ತದೆ. ಆ ಲೆಕ್ಕವನ್ನು ಜೋಡಿಸಿದ ವಿದ್ವಾಂಸರು 2019ರಲ್ಲಿ ಹೇಳಿದ್ದು ಇಷ್ಟು: 1988ರಿಂದೀಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಹದಿಮೂರು ದಿನ ಮುಂಚೆ ಬರುತ್ತಿದೆ. ಬಿಸಿಲು ಏರಿದರೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಶಾಬ್ಲಿಯ ಜೀವವೋ ಆ ತಂಪು ಹುಳಿಯಲ್ಲಿಯೇ ಇದೆ. ಬೋರ್ಡೊ ಸೀಮೆಯಂಥ ಸಂಪ್ರದಾಯಸ್ಥರು ಕೂಡ 2021ರಲ್ಲಿ ಆರು ಹೊಸ ತಳಿಗಳಿಗೆ ಬಾಗಿಲು ತೆರೆಯಬೇಕಾಯಿತು. ಅವರೇನೋ ಎದೆಗುಂದುವ ಜನರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೊಕ್ಸೆರ ಎಂಬ ಬೇರುಹುಳು ತೋಟಗಳನ್ನೆಲ್ಲ ತಿಂದುಹಾಕಿದಾಗ ಅಮೆರಿಕದ ಬೇರಿಗೆ ತಮ್ಮ ಬಳ್ಳಿಯನ್ನು ಕಸಿಮಾಡಿ ಉಳಿಸಿಕೊಂಡವರು. ಆದರೆ ಹುಳುವಿಗೆ ಕಸಿಯ ಉಪಾಯವಿತ್ತು. ಋತುವಿಗೆ ಕಸಿಕಟ್ಟುವುದು ಹೇಗೆ?

ನಮ್ಮ ರಸಬಾಳೆಯನ್ನೂ ಪನಾಮ ಸೊರಗುರೋಗ ಹಿಡಿದು, ನಂಜನಗೂಡಿನ ಸುತ್ತಲಿನ ತೋಟಗಳು ತೀರ ಕುಗ್ಗಿಹೋದವು. ಹೆಸರಿಗೆ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಹಣ್ಣು ಮಾತ್ರ ಅಪರೂಪ. ಚೀಟಿಯ ಮೇಲೆ ಊರು ಉಳಿದು, ನಾಲಗೆಯ ಮೇಲೆ ಇಲ್ಲವಾಗುವುದೆಂದರೆ ಇದೇ. ಊರಿನ ರುಚಿಯನ್ನು ಸೀಸೆಯಲ್ಲಿಯೋ ಗೊನೆಯಲ್ಲಿಯೋ ಇನ್ನೂ ಕಾದುಕೊಂಡು ಬಂದಿರುವ ರೈತನಿಗೆ ನಾವು ಸಲ್ಲಿಸಬಹುದಾದ ಗೌರವ ಸಣ್ಣದೇ: ಅವಸರವಿಲ್ಲದೆ, ಗಮನವಿಟ್ಟು, ಒಂದೇ ಒಂದು ಗುಟುಕನ್ನು ಅಥವಾ ಒಂದೇ ಒಂದು ಹಣ್ಣನ್ನು ಪೂರ್ತಿಯಾಗಿ ಸವಿಯುವುದು.