ಎದೆಯ ಡವಡವ

ನಲವತ್ತೊಂಬತ್ತರಲ್ಲಿ ನನಗೂ ಶುರುವಾಯಿತು. ಹಲಸೂರಿನ ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೇ ಎದೆ ಡವಡವ, ಮೈಯೆಲ್ಲ ಬೆವರು. “ಮುಟ್ಟು ನಿಲ್ಲೋ ಕಾಲ, ಎಲ್ಲರಿಗೂ ಆಗುತ್ತೆ ಬಿಡಿ” ಎಂದರು ಜೊತೆಯ ಟೀಚರುಗಳು. ಬಸುರಿಯಾಗಿದ್ದಾಗ ಅತ್ತೆಯವರೂ ಇದನ್ನೇ ಹೇಳಿದ್ದರು. ಮಾತು ಸುಳ್ಳಲ್ಲ. ಬಸುರಿಯ ಮೈಯಲ್ಲಿ ರಕ್ತ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ನಾಡಿ ನಿಮಿಷಕ್ಕೆ 10-20 ಬಡಿತ ಏರುತ್ತದೆ. ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ಏರಿಳಿದು ಎದೆ ಹೊಡೆದುಕೊಳ್ಳುತ್ತದೆ.

ಆದರೆ ರಕ್ತಹೀನತೆ, ಥೈರಾಯ್ಡ್, ಚಿಕ್ಕಂದಿನ ಕೀಲುವಾತ ಜ್ವರದಿಂದ ಕೆಟ್ಟ ಹೃದಯದ ಕವಾಟ, ಇವುಗಳಿಗೂ ಅದೇ ಡವಡವ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ತೋರಿಸಿದೆ. ಇಸಿಜಿ ಸರಿಯಿತ್ತು, ಹಿಮೋಗ್ಲೋಬಿನ್ ಮಾತ್ರ 12 ಇರಬೇಕಾದ್ದು 8! ತಿಂಗಳುಗಟ್ಟಲೆ ಹೋಗುತ್ತಿದ್ದ ಅತಿಸ್ರಾವದ ಫಲ. ಅದಕ್ಕೂ ಚಿಕಿತ್ಸೆಯಾಯಿತು, ಕಬ್ಬಿಣದ ಮಾತ್ರೆಯಿಂದ ಎದೆಯೂ ತಣ್ಣಗಾಯಿತು.

ಉಸಿರು ಕಟ್ಟಿದರೆ, ಕಣ್ಣು ಕತ್ತಲಿಟ್ಟರೆ, ಎದೆ ನೋವು ಬಂದರೆ ಅಡುಗೆ ಮುಗಿಯಲೆಂದು ಕಾಯಬೇಡಿ, ಅಕ್ಕಂದಿರೇ.