ಲಕ್ವಾ, ತಾಸು, ತೊಗರಿ
ಬಲಗೈ ಸೋತವನಿಗೆ ಎಡಗೈಲಿ ಬಿಸಿ ರೊಟ್ಟಿ ಹರಿಯೋದು ಬಲು ಕಷ್ಟ. ಕಡಕ್ ರೊಟ್ಟಿಯೇ ವಾಸಿ, ಒತ್ತಿದರೆ ಮುರಿಯುತ್ತದೆ. ಲಕ್ವಾ ಹೊಡೆದ ಮೇಲೆ ಕಲಿತ ವಿದ್ಯೆ ಇದು.

ನಮ್ಮ ಹುಡಗಿ ಊರ ಕಡೆ ಬಾಯಿ ಸೊಟ್ಟಾದರೆ, ಮಾತು ತೊದಲಿದರೆ, ಕೈ ಜೋತುಬಿದ್ದರೆ ಈಗಲೂ ಮೊದಲು ನೆನಪಾಗೋದು ನಾಟಿ ಔಷಧ, ಮಾಲೀಶು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ 4.5 ತಾಸಿನೊಳಗೆ ಬೀಳಬೇಕು. ಲೆಕ್ಕ ಶುರುವಾಗೋದು ದವಾಖಾನೆ ಮುಟ್ಟಿದಾಗಲ್ಲ, ಮನುಷ್ಯ ಕೊನೆಯ ಸಲ ನೆಟ್ಟಗಿದ್ದ ಗಳಿಗೆಯಿಂದ. ಇಂಜೆಕ್ಷನ್ನಿಗೂ ಮುಂಚೆ ಸಿಟಿ ಸ್ಕ್ಯಾನ್ ಆಗಲೇಬೇಕು; ನಾಳ ಒಡೆದು ರಕ್ತ ಸುರಿದಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ಬೀದರ್ ಆಗಲಿ ಕಲಬುರಗಿ ಆಗಲಿ, ದಾರಿಗೇ ತಾಸು-ಒಂದೂವರೆ ತಾಸು ಹಿಡಿಯಿರಿ. ತಡ ಮಾಡದೆ 108ಕ್ಕೆ ಫೋನ್ ಹಚ್ಚಿ. ಬಾಯಿಗೆ ನೀರೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು.

ಸೋತ ಬಲಗೈಗೆ ನನ್ನ ತಾಲೀಮು ಈಗ ತೊಗರಿ ಕಾಳಿನದು: ಒಂದೊಂದೇ ಹೆಕ್ಕಿ ಬಟ್ಟಲಿಂದ ಬಟ್ಟಲಿಗೆ. ಬಿಪಿ ಗುಳಿಗೆಯಂತೂ ಬಿಡೋ ಹಾಗಿಲ್ಲ. ‘ಈಗ ಆರಾಮ ಅದ, ಇನ್ನ್ಯಾಕ್ರಿ ಕಾಕಾ ಗುಳಿಗಿ?’ ಅನ್ನುವವರಿಗೆ, ಆರಾಮ ಇರೋದೇ ಗುಳಿಗೆಯಿಂದ ಅಂತ ಹೇಳಿ ಹೇಳಿ ಸಾಕಾಗಿದೆ.